34 ಇಂಚಿನ ಬಾಗಿದ ಮಾನಿಟರ್ರು: ಜುಲೈಲಿ ಹುಡುಕೋಕೆ ಶುರು, ಆಯುಧಪೂಜೆಗೆ ಮನೆಗೆ

ತಗೊಂಡು ಹತ್ತತ್ರ ಒಂದು ತಿಂಗಳಾಯ್ತು, ಈಗ ಬರೀಬಹುದು ಅನ್ಸುತ್ತೆ. ಮೊದಲನೇ ವಾರ ಬರೆದಿದ್ರೆ ಬರೀ ಹೊಗಳ್ತಿದ್ದೆ, ಎರಡನೇ ವಾರ ಬರೆದಿದ್ರೆ ಬರೀ ಬೈತಿದ್ದೆ. ಸಾಮಾನು ಏನಂದ್ರೆ 34 ಇಂಚಿನ ಅಲ್ಟ್ರಾವೈಡ್ ಕರ್ವ್ಡ್ ಗೇಮಿಂಗ್ ಮಾನಿಟರ್, 3440×1440 ಪಿಕ್ಸೆಲ್, ವಿಎ ಪ್ಯಾನಲ್ಲು (ಎಲ್ಸಿಡಿ ಸ್ಕ್ರೀನಿನ ಒಂದು ಬಗೆ), 1500ಆರ್ ಕರ್ವು (ಬಾಗಿನ ಅಳತೆ, ಮುಂದೆ ಹೇಳ್ತೀನಿ), 180 ಹರ್ಟ್ಜ್, ಅಂದ್ರೆ ಸೆಕೆಂಡಿಗೆ 180 ಸಲ ಚಿತ್ರ ಬದಲಾಗುತ್ತೆ. ಕೈಯಿಂದ ಬಿಟ್ಟಿದ್ದು 30,499 ರೂಪಾಯಿ. ಬ್ರ್ಯಾಂಡ್ ಹೆಸರು ಬೇಕಂತ್ಲೇ ಹಾಕ್ತಿಲ್ಲ, ಒಂದು ಕಾರಣ ಕೊನೇಲಿ ಗೊತ್ತಾಗುತ್ತೆ, ಇನ್ನೊಂದು ಏನಂದ್ರೆ ಪ್ಯಾನಲ್ ಮಾಡೋ ಫ್ಯಾಕ್ಟರಿಗಳು ಬೆರಳೆಣಿಕೆ, ಅವರತ್ರ ಪ್ಯಾನಲ್ ತಗೊಂಡು ಸ್ಟ್ಯಾಂಡು, ಲೈಟು, ಸ್ಟಿಕ್ಕರ್ ಬದಲಾಯಿಸಿ ಮಾರೋ ಕಂಪನಿಗಳೇ ಜಾಸ್ತಿ, ಹಾಗಾಗಿ ಈ ರೇಂಜಲ್ಲಿ ಯಾವ್ದೇ ವಿಎ ಅಲ್ಟ್ರಾವೈಡ್ ತಗೊಂಡ್ರೂ ನಾನು ಹೇಳೋದ್ರಲ್ಲಿ ಮುಕ್ಕಾಲು ಭಾಗ ನಿಮಗೂ ಅನ್ವಯ ಆಗುತ್ತೆ.

ನಾನಿರೋದು ಮೈಸೂರು, ಮದುವೆ ವಿಡಿಯೋ ಎಡಿಟಿಂಗ್ ನನ್ನ ಕೆಲಸ. ಇಷ್ಟು ದಿನ ಒಂದು 24 ಇಂಚಿನ ಐಪಿಎಸ್ (ಎಲ್ಸಿಡಿಯ ಇನ್ನೊಂದು ಬಗೆ) ಮಾನಿಟರಲ್ಲೇ ಬಾಳ್ವೆ. ಮೂರು ಕ್ಯಾಮೆರಾ, ಒಂದು ಡ್ರೋನು, ಎರಡು ಮೈಕು, ಮೇಲೆ ವಾಲಗದ ಟ್ರ್ಯಾಕು, ಎಲ್ಲ ಟೈಮ್‌ಲೈನಲ್ಲಿ ಹಾಕಿದ್ರೆ ಅದು ಟೈಮ್‌ಲೈನ್ ಆಗಿರಲ್ಲ, ಊರ ಜಾತ್ರೆ ಆಗಿರುತ್ತೆ, ಎಡಕ್ಕೆ ಬಲಕ್ಕೆ ಎಳೆದೂ ಎಳೆದೂ ಧಾರೆ ಹತ್ರ ಬರೋಷ್ಟರಲ್ಲಿ ವರಪೂಜೆ ಎಲ್ಲಿತ್ತು ಅಂತ ಮರೆತೋಗಿರುತ್ತೆ. ಅದಕ್ಕೆ ಅಗಲದ ಸ್ಕ್ರೀನ್ ಬೇಕು ಅಂತ ಅಪ್ಪನ ಹತ್ರ ಹೇಳಿದ್ದು. ನಿಜ ಹೇಳ್ಬೇಕಂದ್ರೆ ಹೋದ ವರ್ಷ ಸೆಕೆಂಡ್ ಹ್ಯಾಂಡಲ್ಲಿ ಒಂದು ಸ್ಟೀರಿಂಗ್ ವೀಲ್ ತಗೊಂಡಿದ್ದೆ, ಯೂರೋ ಟ್ರಕ್ ಸಿಮ್ಯುಲೇಟರ್ 2ರಲ್ಲಿ ಲಾರಿ ಓಡಿಸೋವಾಗ ಸೈಡ್ ಮಿರರ್ ನೋಡೋಕೆ ಪ್ರತಿ ಸಲ ತಲೆ ತಿರುಗಿಸೋ ಬಟನ್ ಒತ್ತಬೇಕಿತ್ತು, ಆ ಕಿರಿಕಿರಿಗೆ ಶುರುವಾದ ಆಸೆ ಇದು. ಅಪ್ಪ ರಿಟೈರ್ಡ್ ಮೇಷ್ಟ್ರು, "ಕೆಲಸಕ್ಕೆ ಅಂದ್ರೆ ತಗೋ, ಲೆಕ್ಕ ಬರೆದಿಡು" ಅಂದ್ರು. ಲೆಕ್ಕ ಬರೆದಿಟ್ಟಿದೀನಿ, ಲಾರಿ ವಿಷಯ ಬರೆದಿಲ್ಲ.

2025ರ ಜುಲೈ ಪೂರ್ತಿ ಹೋಗಿದ್ದು ಪ್ಯಾನಲ್ ಯಾವ್ದು ಅನ್ನೋದ್ರಲ್ಲೇ. ಒಎಲ್ಇಡಿ (ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗೋ ಪ್ಯಾನಲ್) ಕಡೆ ಮನಸ್ಸು ಎಳೀತಿತ್ತು, ಯಾರಿಗೆ ಎಳೆಯಲ್ಲ ಹೇಳಿ, ಕಪ್ಪು ಅಂದ್ರೆ ಪಿಕ್ಸೆಲ್ಲೇ ಆಫ್ ಆಗಿಬಿಡುತ್ತೆ, ಚಲಿಸೋ ಚಿತ್ರ ಕತ್ತರಿಸಿಟ್ಟ ಹಾಗೆ ಕ್ಲಿಯರ್. 2022ರಲ್ಲಿ ಏಲಿಯನ್‌ವೇರ್‌ದು ಕ್ಯೂಡಿ-ಒಎಲ್ಇಡಿ 34 ಇಂಚು ಬಂದಾಗಿಂದ ನೋಡ್ತಾನೇ ಇದೀನಿ. ಆದ್ರೆ ದುಡ್ಡು ಡಬಲ್‌ಗಿಂತ ಜಾಸ್ತಿ, ಅದಕ್ಕಿಂತ ಮುಖ್ಯ ಏನಂದ್ರೆ ನನ್ನ ಸ್ಕ್ರೀನ್ ಮೇಲೆ ದಿನಕ್ಕೆ ಎಂಟ್ಹತ್ತು ಗಂಟೆ ಅದೇ ಎಡಿಟಿಂಗ್ ಪ್ಯಾನಲ್ಲು, ಅದೇ ಬೂದು ಪಟ್ಟಿ, ಅದೇ ಟಾಸ್ಕ್‌ಬಾರ್ ಅಲ್ಲಾಡ್ದೆ ಕೂತಿರುತ್ತೆ, ಒಎಲ್ಇಡಿಗೆ ಬರ್ನ್-ಇನ್ (ಒಂದೇ ಚಿತ್ರ ಅಚ್ಚೊತ್ತಿ ಉಳಿಯೋದು) ಮಾಡ್ಸೋಕೆ ಇದಕ್ಕಿಂತ ಒಳ್ಳೆ ಉಪಾಯ ಇಲ್ಲ. ಇನ್ನೊಂದು, ನನ್ನ ರೂಮಿಗೆ ಪಶ್ಚಿಮದ ಕಿಟಕಿ, ಮಧ್ಯಾಹ್ನ ಮೂರಾದ್ರೆ ಬಿಸಿಲು ನೇರ ಮೇಜಿನ ಮೇಲೆ, ಕ್ಯೂಡಿ-ಒಎಲ್ಇಡಿಲಿ ಹೊರಗಿನ ಬೆಳಕು ತಡೆಯೋ ಪೋಲರೈಸರ್ ಪದರ ಇರಲ್ಲ, ಬೆಳಕು ಬಿದ್ರೆ ಕಪ್ಪು ಸ್ವಲ್ಪ ನೇರಳೆಗೆ ತಿರುಗುತ್ತೆ. ಅಷ್ಟು ದುಡ್ಡು ಕೊಟ್ಟು ಕರ್ಟನ್ ಬೇರೆ ಹೊಲಿಸ್ಬೇಕಾ ಅನ್ನಿಸ್ತು.

ಉಳಿದಿದ್ದು ಐಪಿಎಸ್ಸು, ವಿಎ. ಐಪಿಎಸ್ ಕಲರ್ ಚೆನ್ನಾಗಿರುತ್ತೆ, ಪಕ್ಕದಿಂದ ನೋಡಿದ್ರೂ ಬದಲಾಗಲ್ಲ, ಆದ್ರೆ ಕಾಂಟ್ರಾಸ್ಟ್ ಸಾವಿರಕ್ಕೆ ಒಂದರ ಆಸುಪಾಸು, ರಾತ್ರಿ ಲೈಟ್ ಆರಿಸಿ ಕೂತ್ರೆ ಕಪ್ಪು ಅನ್ನೋದು ಬೂದಿ ಬಣ್ಣ, ಮೂಲೇಲಿ ಗ್ಲೋ. ವಿಎಲಿ ಕಾಂಟ್ರಾಸ್ಟ್ ಮೂರು ಸಾವಿರದ ಹತ್ರ ಇರುತ್ತೆ, ಕಪ್ಪು ಕಪ್ಪಾಗೇ ಕಾಣ್ಸುತ್ತೆ, ರೇಟೂ ಕಮ್ಮಿ, ಕಾಯಿಲೆ ಏನಂದ್ರೆ ಕತ್ತಲ ಸೀನಲ್ಲಿ ಪಿಕ್ಸೆಲ್ ನಿಧಾನ, ಕಪ್ಪು ಬಣ್ಣ ಕಾಡಿಗೆ ಒರೆಸಿದ ಹಾಗೆ ಹಿಂದೆ ಹಿಂದೆ ಎಳೆಯುತ್ತೆ. ಇದನ್ನ ಓದಿದ್ದೆ, ವಿಡಿಯೋನೂ ನೋಡಿದ್ದೆ, "ಅಷ್ಟೇನಾ" ಅಂದ್ಕೊಂಡಿದ್ದೆ. ಬರ್ತೀನಿ ಅಲ್ಲಿಗೆ.

ಕರ್ವ್ ವಿಷಯದಲ್ಲಿ ಅಂಗಡಿಯೋರಿಂದ ಹಿಡಿದು ಎಲ್ರೂ ತಲೆಗೊಂದು ಹೇಳ್ತಾರೆ, ನಾನೇ ಕೂತು ಲೆಕ್ಕ ಹಾಕ್ದೆ. 1500ಆರ್ ಅಂದ್ರೆ 1500 ಮಿಲಿಮೀಟರ್ ರೇಡಿಯಸ್, ಅಂದ್ರೆ ಆ ಬಾಗು ಒಂದೂವರೆ ಮೀಟರ್ ರೇಡಿಯಸ್ಸಿನ ಬಳೆಯ ಒಂದು ತುಂಡು. 34 ಇಂಚಿನ ಅಲ್ಟ್ರಾವೈಡ್ ಅಗಲ ಸುಮಾರು 80 ಸೆಂಟಿಮೀಟರ್, ಹಾಗಾಗಿ 1000ಆರ್ ಮಾನಿಟರ್ ಎಂಟು ಪಕ್ಕ ಪಕ್ಕ ಇಟ್ರೆ ಪೂರ್ತಿ ಬಳೆ ಆಗುತ್ತೆ, 1500ಆರ್ ಆದ್ರೆ ಹನ್ನೆರಡು ಬೇಕು, 1800ಆರ್ ಆದ್ರೆ ಹದಿನಾಲ್ಕು. ನಂಬರ್ ಕಮ್ಮಿ ಆದಷ್ಟೂ ಬಾಗು ಜಾಸ್ತಿ, ಅಷ್ಟೇ. ಎಂಟು ಮಾನಿಟರ್ ಬಳೆ ಮಧ್ಯ ಕೂರೋದು ಆಟಕ್ಕೆ ಚೆನ್ನಾಗಿರಬಹುದು, ನಾನು ಫ್ರೇಮಲ್ಲಿ ಚಪ್ಪರದ ಕಂಬ ನೆಟ್ಟಗಿದ್ಯಾ ಅಂತ ನೋಡ್ಬೇಕು, ಅದಕ್ಕೆ 1000ಆರ್ ಬೇಡ ಅಂತ ತೀರ್ಮಾನ ಮಾಡ್ದೆ.

ಎತ್ತರದ ವಿಷ್ಯ ಯಾರೂ ಹೇಳಲ್ಲ ನೋಡಿ. 34 ಅಂದ್ರೆ ಏನೋ ಟಿವಿ ಥರ ಅಂದ್ಕೋತೀವಿ, ಎತ್ತರ ಬರೀ 33 ಸೆಂಟಿಮೀಟರ್ ಚಿಲ್ಲರೆ, ಅಂದ್ರೆ ಮಾಮೂಲಿ 27 ಇಂಚಿನಷ್ಟೇ. ಎರಡೂ ಪಕ್ಕಕ್ಕೆ ಹತ್ತತ್ತು ಸೆಂಟಿಮೀಟರ್ ಜಾಸ್ತಿ ಸಿಗುತ್ತೆ ಅಷ್ಟೇ. ಇದನ್ನ ನಂಬೋಕಾಗ್ದೆ ಎರಡು ನ್ಯೂಸ್‌ಪೇಪರ್ ಹಾಳೆ ಅಂಟಿಸಿ 80ಕ್ಕೆ 33 ಕತ್ತರಿಸಿ ಹಳೇ ಮಾನಿಟರ್ ಮೇಲೆ ಟೇಪ್ ಹಾಕಿ ಎರಡು ದಿನ ಇಟ್ಟಿದ್ದೆ. ನೀವೂ ತಗೊಳ್ಳೋಕೆ ಮುಂಚೆ ಇದೊಂದು ಮಾಡಿ, ಪುಕ್ಕಟೆ. ನಮ್ಮ ಮೇಜು ಅಮ್ಮ ಮುಂಚೆ ಹೊಲಿಗೆಗೆ ಇಟ್ಕೊಂಡಿದ್ದಿದ್ದು, ಆಳ ಎರಡೇ ಅಡಿ. ಮಾನಿಟರ್ ಸ್ಟ್ಯಾಂಡಿನ ಕಾಲು ಮುಂದಕ್ಕೆ ಚಾಚ್ಕೊಂಡಿರುತ್ತೆ, ಕೀಬೋರ್ಡಿಗೆ ಜಾಗ ಸಾಲುತ್ತಾ ಅನ್ನೋದು ಪೇಪರ್ ಇಟ್ಟಾಗ್ಲೇ ಡೌಟ್ ಬಂದಿತ್ತು, ಆಮೇಲೆ ಅದು ನಿಜಾನೂ ಆಯ್ತು.

ಆಗಸ್ಟ್ 23, ಶನಿವಾರ, ಬೆಳಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದೆ, ಮೆಜೆಸ್ಟಿಕ್ಕಿಂದ ಮೆಟ್ರೋಲಿ ಒಂದೇ ಸ್ಟಾಪು ಚಿಕ್ಕಪೇಟೆ, ಅಲ್ಲಿಂದ ನಡ್ಕೊಂಡು ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರೋ ಎಸ್ಪಿ ರೋಡು. ಕಣ್ಣಾರೆ ನೋಡ್ಬೇಕಿತ್ತು. ಎಸ್ಪಿ ರೋಡ್ ಹೋಗಿಲ್ದೇ ಇರೋರಿಗೆ ಹೇಳ್ತೀನಿ, ಅಲ್ಲಿ ಅಂಗಡಿ ಮುಂದೆ ನಿಂತು ಒಂದು ಮಾಡೆಲ್ ನಂಬರ್ ಹೇಳಿದ್ರೆ ಅಂಗಡಿಯೋನು ತಲೆ ಎತ್ತದೆ ಫೋನಲ್ಲಿ ಇನ್ನೊಬ್ಬನಿಗೆ ಕೇಳಿ ರೇಟ್ ಹೇಳ್ತಾನೆ, ಪೀಸ್ ಎಲ್ಲೋ ಗೋಡೌನಲ್ಲಿರುತ್ತೆ, ಬಾಕ್ಸ್ ಓಪನ್ ಮಾಡಿ ತೋರ್ಸಿ ಅಂದ್ರೆ "ತಗೊಳ್ಳೋದಾದ್ರೆ ಓಪನ್ ಮಾಡೋಣ ಸಾರ್" ಅಂತಾನೆ. ನಾಲ್ಕು ಅಂಗಡಿ ಸುತ್ತಿ ಐದನೇದ್ರಲ್ಲಿ ಒಂದು 1000ಆರ್, ಒಂದು 1500ಆರ್ ಆನ್ ಮಾಡಿ ಇಟ್ಟಿದ್ರು. ಮುಂದೆ ಕೂತು ನೋಡಿದ್ಮೇಲೆ ಒಂದಂತೂ ಗೊತ್ತಾಯ್ತು, ನಿಂತು ನೋಡಿದ್ರೆ ಕರ್ವ್ ಸರ್ಕಸ್ ಥರ ಕಾಣುತ್ತೆ, ಕೂತು ಎರಡು ನಿಮಿಷ ಆದ್ಮೇಲೆ ಮರೆತೇ ಹೋಗುತ್ತೆ. ಅಂಗಡಿಯೋರು ಬಿಲ್ ಇಲ್ದೆ ಆದ್ರೆ ಒಂದು ರೇಟು, ಬಿಲ್ ಹಾಕಿದ್ರೆ ಇನ್ನೊಂದು ರೇಟು ಅಂದ್ರು. ಮಾನಿಟರನ್ನ ಬಿಲ್ ಇಲ್ದೆ ತಗೊಳ್ಳೋದು ತಲೆ ಕೆಟ್ಟೋರು ಮಾಡೋ ಕೆಲಸ, ಮೂರು ವರ್ಷದ ವಾರಂಟಿ ಯಾರ ಹತ್ರ ಕೇಳ್ತೀರಾ.

ಅವತ್ತೇ ತಗೊಂಡು ಬರ್ತಿದ್ನೇನೋ, ಅಷ್ಟರಲ್ಲಿ ಅಂಗಡಿಯೋರೇ ಬಾಯಿಬಿಟ್ರು, "ಹದಿನೈದನೇ ತಾರೀಖಿಂದ ಬರೀ ಬಂದು ನೋಡ್ಕೊಂಡು ಹೋಗೋರೇ ಸಾರ್, ಎಲ್ಲ ಜಿಎಸ್‌ಟಿ ಇಳಿಯಲಿ ಅಂತ ಕಾಯ್ತಿದಾರೆ." ಆಗಸ್ಟ್ 15ಕ್ಕೆ ಪ್ರಧಾನಿ ಕೆಂಪುಕೋಟೇಲಿ ದೀಪಾವಳಿ ಹೊತ್ತಿಗೆ ಜಿಎಸ್‌ಟಿ ಇಳಿಸ್ತೀವಿ ಅಂದಿದ್ರಲ್ಲ, ಅದು. ನನಗೆ ಅಲ್ಲಿವರೆಗೂ ಗೊತ್ತಿರ್ಲಿಲ್ಲ, ಆಗ 32 ಇಂಚಿನವರೆಗೆ ಮಾನಿಟರಿಗೆ 18 ಪರ್ಸೆಂಟ್ ಇತ್ತು, ಅದ್ರ ಮೇಲೆ 28. ಅಂದ್ರೆ 34 ಇಂಚು ತಗೊಳ್ಳೋನು ಎರಡಿಂಚಿಗೆ ಹತ್ತು ಪರ್ಸೆಂಟ್ ದಂಡ ಕಟ್ತಿದ್ದ, ಅದೂ ಎತ್ತರದಲ್ಲಿ 27ರಷ್ಟೇ ಇರೋ ಸ್ಕ್ರೀನಿಗೆ! ಕೈ ಬೀಸ್ಕೊಂಡು ವಾಪಸ್ ಬಂದೆ, ರೈಲಲ್ಲಿ ಮದ್ದೂರು ವಡೆ ತಿಂದಿದ್ದಷ್ಟೇ ಲಾಭ.

ಸೆಪ್ಟೆಂಬರ್ 3ಕ್ಕೆ ಜಿಎಸ್‌ಟಿ ಕೌನ್ಸಿಲ್ ಮೀಟಿಂಗಲ್ಲಿ ತೀರ್ಮಾನ ಆಯ್ತು, ಮಾನಿಟರ್ ಎಲ್ಲ 18ಕ್ಕೆ, 22ರಿಂದ ಜಾರಿ. ಫ್ರೆಂಡ್ಸ್ ಎಲ್ಲ "ಹತ್ತು ಪರ್ಸೆಂಟ್ ಕಮ್ಮಿ ಆಗುತ್ತೆ ಮಗಾ" ಅಂತ ಖುಷಿ. ಆಗಲ್ಲ. ನೂರು ರೂಪಾಯಿ ಸಾಮಾನು 128 ಇದ್ದಿದ್ದು 118 ಆಗುತ್ತೆ, ನಾವು ಕೊಡೋ ರೇಟ್ ಮೇಲೆ ಇಳಿಯೋದು 7.8 ಪರ್ಸೆಂಟ್ ಅಷ್ಟೇ. ನಾನು ಕಣ್ಣಿಟ್ಟಿದ್ದ ಮಾಡೆಲ್ ಆಗಸ್ಟಲ್ಲಿ 34,499 ಇತ್ತು, ಲೆಕ್ಕದ ಪ್ರಕಾರ 31,800 ಆಗ್ಬೇಕು. ಅದನ್ನ ಒಂದು ಚೀಟೀಲಿ ಬರೆದು ಹಳೇ ಮಾನಿಟರಿಗೆ ಅಂಟಿಸಿದ್ದೆ. 22ನೇ ತಾರೀಖು ಸೋಮವಾರ ಬೆಳಗ್ಗೆ ಎದ್ದು ನೋಡಿದ್ರೆ ಅದೇ 34,499. ಮನೇಲಿ ಅಮ್ಮ ಪಟ್ಟದ ಗೊಂಬೆ ಕೂರಿಸ್ತಿದ್ಲು, ನಾನು ಒಳಗೆ ಕೂತು ರಿಫ್ರೆಶ್ ಹೊಡೀತಿದ್ದೆ. ಮಾರನೇ ದಿನ ಹಬ್ಬದ ಸೇಲ್ ಶುರುವಾದ್ಮೇಲೆ 31,999 ಆಯ್ತು, ಕಾರ್ಡಿಗೆ 1,500 ಡಿಸ್ಕೌಂಟು. ಬಿಲ್ಲಲ್ಲಿ ಐಜಿಎಸ್‌ಟಿ 18 ಪರ್ಸೆಂಟ್ ಅಂತ ನೋಡಿದಾಗ ಏನೋ ಗೆದ್ದ ಹಾಗೆ ಅನ್ನಿಸ್ತು, ಲೆಕ್ಕ ಹಾಕಿದ್ರೆ ಜಿಎಸ್‌ಟಿ ಇಳಿದಿದ್ದು ಬಿಟ್ರೆ ಸೇಲಲ್ಲಿ ಇಳಿದಿದ್ದು ಏನೂ ಇಲ್ಲ, ಲೆಕ್ಕಕ್ಕಿಂತ ಇನ್ನೂರು ರೂಪಾಯಿ ಮೇಲೇ ಇತ್ತು, ಕಾರ್ಡ್ ಡಿಸ್ಕೌಂಟ್ ಒಂದೇ ನಿಜವಾದ ಲಾಭ.

27ಕ್ಕೆ ಡೆಲಿವರಿ ಅಂದಿದ್ರು. ಟ್ರ್ಯಾಕಿಂಗ್ ನೋಡೋದು ಒಂದು ಚಟ ಆಗಿಬಿಡುತ್ತೆ ಗುರು. 24ಕ್ಕೆ ಭಿವಂಡಿ ಬಿಡ್ತು. 26ಕ್ಕೆ ಹುಬ್ಬಳ್ಳಿ. 27ಕ್ಕೆ ಹೊಸಕೋಟೆ, ಸರಿ ಇನ್ನೇನು ಬಂತು ಅಂದ್ಕೊಂಡೆ, 28ಕ್ಕೆ ನೋಡಿದ್ರೆ ಮತ್ತೆ ಹುಬ್ಬಳ್ಳಿ. ಆ ಮಾನಿಟರ್ ನನಗಿಂತ ಜಾಸ್ತಿ ಕರ್ನಾಟಕ ನೋಡಿದೆ. 29ಕ್ಕೆ ಮೈಸೂರಿನ ಹೆಬ್ಬಾಳಕ್ಕೆ ಬಂತು, ಅಂದ್ರೆ ನಮ್ಮನೆಯಿಂದ ಅರ್ಧ ಗಂಟೆ ದಾರಿ, ನಾನೇ ಬಂದು ತಗೊಂಡ್ಹೋಗ್ತೀನಿ ಅಂದ್ರೆ "ಸಿಸ್ಟಮಲ್ಲಿ ಅವಕಾಶ ಇಲ್ಲ ಸಾರ್". 30ನೇ ತಾರೀಖು ಬೆಳಗ್ಗೆ ಔಟ್ ಫಾರ್ ಡೆಲಿವರಿ. ಅವತ್ತು ನಾನು ಬಾತ್‌ರೂಮಿಗೂ ಫೋನ್ ತಗೊಂಡು ಹೋಗಿದೀನಿ. ಸಂಜೆ 7.40ಕ್ಕೆ ಮೆಸೇಜು, ಕಸ್ಟಮರ್ ಮನೇಲಿ ಇರ್ಲಿಲ್ಲ, ಡೆಲಿವರಿ ಆಗ್ಲಿಲ್ಲ ಅಂತ. ನಾನು ಗೇಟ್ ಹತ್ರ ಕುರ್ಚಿ ಹಾಕ್ಕೊಂಡು ಕೂತಿದ್ದೆ ಮಾರಾಯ್ರೆ! ಒಂದು ಕಾಲ್ ಇಲ್ಲ ಏನಿಲ್ಲ. ಕೊರಿಯರ್ ಯಾರ್ದು ಅಂತ ಹೇಳಲ್ಲ, ಎಲ್ಲ ಕೊರಿಯರ್ ಮೇಲೂ ಎಲ್ರಿಗೂ ಇಂಥದೊಂದು ಕಥೆ ಇದ್ದೇ ಇರುತ್ತೆ. ನಾಳೆ ಆಯುಧಪೂಜೆ, ನಾಡಿದ್ದು ವಿಜಯದಶಮಿ, ಇನ್ನು ಮೂರು ದಿನ ಆಸೆ ಬಿಟ್ಟೆ.

ಅಕ್ಟೋಬರ್ 1, ಆಯುಧಪೂಜೆ ದಿನ, ಹನ್ನೆರಡೂವರೆ. ಮನೆ ಮುಂದೆ ಒಂದು ಟಾಟಾ ಏಸ್ ಬಂದು ನಿಲ್ತು, ಎರಡೂ ಕಡೆ ಬಾಳೆಕಂದು, ಮುಂದೆ ಸೇವಂತಿಗೆ ಹಾರ, ಗಾಜಿನ ಮೇಲೆ ಮೂರು ಪಟ್ಟೆ ವಿಭೂತಿ, ಟೈರಿಗೆ ನಿಂಬೆಹಣ್ಣಿನ ಸಿಪ್ಪೆ ಇನ್ನೂ ಅಂಟ್ಕೊಂಡಿತ್ತು. ಹುಡುಗ ಹಣೆ ತುಂಬಾ ಕುಂಕುಮ ಇಟ್ಕೊಂಡು ಇಳಿದ. "ಈಗ ತಾನೇ ಗಾಡಿ ಪೂಜೆ ಆಯ್ತು ಸಾರ್, ಮೊದಲನೇ ಡೆಲಿವರಿ ನಿಮ್ದೇ, ನಿನ್ನೆ ಬಂದಿದ್ದು ನಾನಲ್ಲ" ಅಂದ, ಬೈಯೋಕೆ ಇಟ್ಕೊಂಡಿದ್ದ ಮಾತೆಲ್ಲ ಗಂಟಲಲ್ಲೇ ಉಳೀತು. ಒಂದು ವಾರ ಆ ಬಾಕ್ಸ್ ಏನೇನು ಏಟು ತಿಂದಿತ್ತೋ, ಒಂದು ಮೂಲೆ ಒಳಕ್ಕೆ ಹೋಗಿತ್ತು. ಓಟಿಪಿ ಹೇಳೋಕೆ ಮುಂಚೆ ನಾಲ್ಕೂ ಕಡೆ ಫೋಟೋ ತೆಗೆದೆ, ಓಪನ್ ಮಾಡೋದನ್ನ ಕಟ್ ಇಲ್ದೆ ವಿಡಿಯೋ ಮಾಡ್ದೆ, ಇದನ್ನ ಮಾತ್ರ ಯಾರೂ ತಪ್ಪಿಸ್ಬೇಡಿ, ಆಮೇಲೆ ಸ್ಕ್ರೀನ್ ಒಡೆದಿದೆ ಅಂದ್ರೆ ನೀವೇ ಒಡೆದ್ರಿ ಅಂತಾರೆ. ಥರ್ಮೋಕೋಲ್ ದಪ್ಪ ಇತ್ತು, ಒಳಗಡೆ ಏನೂ ಆಗಿರ್ಲಿಲ್ಲ. ಹುಡುಗನಿಗೆ ಅಮ್ಮ ಕಡ್ಲೆಪುರಿ, ಬೂಂದಿ ಪೊಟ್ಟಣ ಕೊಟ್ಟು ಕಳಿಸಿದ್ಲು.

ಆಮೇಲೆ ಒಳಗೆ ಬಂದು ಮೇಜಿನ ಮೇಲೆ ಇಟ್ಟಿದ್ದನ್ನ ನೋಡಿ ಅಮ್ಮ ಅಂದ್ಲು, "ಅಯ್ಯೋ, ಬಿಸಿಲಿಗೆ ಬಗ್ಗೋಗಿದ್ಯಲ್ಲೋ, ಆ ಹುಡುಗ ಇನ್ನೂ ಬೀದಿ ಕೊನೇಲಿದಾನೆ, ಕೂಗು." ಅದು ಇರೋದೇ ಹಾಗೆ ಅಂತ ಒಪ್ಪಿಸೋಷ್ಟರಲ್ಲಿ ಸಾಕಾಯ್ತು. ಪೂಜೆ ಆಗ್ಬೇಕಿತ್ತಲ್ಲ, ಅರಿಶಿನ ಕುಂಕುಮ ನೇರ ಸ್ಕ್ರೀನಿಗೆ ಹಚ್ಚೋಕೆ ಕೈ ಚಾಚಿದ್ಲು, ನಾನು ಕಿರುಚಿಕೊಂಡೆ, ಕೊನೆಗೆ ಸ್ಟ್ಯಾಂಡಿನ ಕಾಲಿಗೆ ರಾಜಿ ಆಯ್ತು. ಒಂದು ತಿಂಗಳಾದ್ರೂ ಆ ಕುಂಕುಮ ಸ್ಟ್ಯಾಂಡಿನ ಸಂದಿಯಲ್ಲಿ ಇದೆ.

ಈಗ ಅಸಲು ರಿವ್ಯೂ. ಮೊದಲು ಎಚ್‌ಡಿಎಂಐ ಕೇಬಲ್ ಹಾಕಿದ್ದೆ, ವಿಂಡೋಸ್ ಸೆಟ್ಟಿಂಗಲ್ಲಿ ನೋಡಿದ್ರೆ 60 ಹರ್ಟ್ಜಲ್ಲಿ ಕೂತಿದೆ, ಮೇಲೆ ತಳ್ಳಿದ್ರೆ 100ಕ್ಕೆ ನಿಲ್ತು. ನಂದು ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡು, ಕಾರ್ಡಿನ ತಪ್ಪಲ್ಲ, ಮಾನಿಟರ್ ಕಡೆ ಇರೋದು ಎಚ್‌ಡಿಎಂಐ 2.0, ಅದ್ರಲ್ಲಿ ಈ ರೆಸಲ್ಯೂಷನ್ನಿಗೆ ಅಷ್ಟೇ ಹೋಗೋದು. ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿದ್ಮೇಲೆ 180 ಬಂತು. ಅದನ್ನೂ ಕೈಯಾರೆ ಸೆಲೆಕ್ಟ್ ಮಾಡ್ಬೇಕು, ತಾನಾಗೇ ಬರಲ್ಲ. ಗೇಮಿಂಗ್ ಮಾನಿಟರ್ ತಗೊಂಡು ವರ್ಷಾನುಗಟ್ಟಲೆ 60ರಲ್ಲೇ ಓಡಿಸ್ತಿರೋ ಇಬ್ರು ನನಗೆ ಗೊತ್ತು, ಒಬ್ಬನಿಗೆ ಹೇಳಿದ್ಮೇಲೆ ಎರಡು ದಿನ ಮಾತಾಡ್ಲಿಲ್ಲ.

ಸ್ಟ್ಯಾಂಡ್ ನಾನು ಹೆದರಿದ್ದ ಹಾಗೇ ಆಯ್ತು. ವಿ ಆಕಾರದ ಕಾಲು, ಮೇಜಿನ ಅರ್ಧ ನುಂಗಿಬಿಡ್ತು, ಸ್ಕ್ರೀನ್ ಮುಖದಿಂದ ಒಂದೂವರೆ ಅಡಿ, ಮೊದಲನೇ ದಿನ ಟೆನಿಸ್ ಮ್ಯಾಚ್ ನೋಡಿದ ಹಾಗೆ ಕತ್ತು ಆ ಕಡೆ ಈ ಕಡೆ. ಹಿಂದೆ ಆರ್ಮ್ ಸಿಕ್ಕಿಸೋ 100×100 ವೇಸಾ ತೂತು ಇತ್ತು, ಒಂದು ಮಾನಿಟರ್ ಆರ್ಮ್ ತರಿಸಿ ಗೋಡೆ ಕಡೆ ತಳ್ಳಿದ್ಮೇಲೆ ಸರಿಹೋಯ್ತು. ಆರ್ಮ್ ತಗೊಳ್ಳೋವಾಗ ತೂಕ ನೋಡಿ, 27 ಇಂಚಿನವರೆಗೆ ಅಂತ ಬರೆದಿರೋ ಅಗ್ಗದ್ದು ಇದನ್ನ ಹೊರಲ್ಲ, ಮೂತಿ ಕೆಳಗೆ ಹಾಕ್ಕೊಂಡು ನಿಲ್ಲುತ್ತೆ. ಆ ಖರ್ಚು 30,499ರಲ್ಲಿ ಸೇರಿಲ್ಲ, ಅಪ್ಪನ ಲೆಕ್ಕದ ಪುಸ್ತಕದಲ್ಲೂ ಸೇರಿಲ್ಲ.

ಕೆಲಸಕ್ಕೆ ಇದು ಬಂಗಾರ. ಟೈಮ್‌ಲೈನ್ ಎಡತುದಿಯಿಂದ ಬಲತುದಿವರೆಗೆ, ಕಾಶಿಯಾತ್ರೆಯಿಂದ ಆರತಕ್ಷತೆವರೆಗೆ ಒಂದೇ ನೋಟಕ್ಕೆ. ಮೇಲೆ ಎರಡು ಪ್ರಿವ್ಯೂ, ಪಕ್ಕದಲ್ಲಿ ಕ್ಲಿಪ್ ಬಿನ್, ಯಾವುದನ್ನೂ ಮುಚ್ಚಿ ತೆಗೆದು ಮಾಡೋ ಹಾಗಿಲ್ಲ. ಮೊದಲನೇ ಮದುವೆ ಎಡಿಟ್ ಒಂದು ದಿನ ಮುಂಚೆ ಮುಗೀತು, ಇದು ಮಾನಿಟರ್ ಮಹಿಮೆನಾ, ಆ ಮದುವೇಲಿ ನೆಂಟರು ಕಮ್ಮಿ ಇದ್ರಾ ಗೊತ್ತಿಲ್ಲ. ಕಲರ್ ಮಾತ್ರ ಇದ್ರಲ್ಲಿ ಮಾಡಲ್ಲ. ಹುಡುಗಿ ಉಟ್ಟಿದ್ದ ಮೈಸೂರು ಸಿಲ್ಕ್ ಸೀರೆ, ಅಚ್ಚ ಕುಂಕುಮದ ಬಣ್ಣ, ಸ್ಕ್ರೀನ್ ಮಧ್ಯ ಇದ್ದಾಗ ಕುಂಕುಮ, ಅದೇ ಕ್ಲಿಪ್ಪನ್ನ ಎಡತುದಿಗೆ ಎಳೆದ್ರೆ ಸ್ವಲ್ಪ ತೊಳೆದ ಕುಂಕುಮ. ತಲೆ ಅತ್ತ ವಾಲಿಸಿದ್ರೆ ಮತ್ತೆ ಸರಿ. ವಿಎ ಪ್ಯಾನಲ್ಲಿನ ಗುಣ ಅದು, ಬಾಗಿರೋದ್ರಿಂದ ಸ್ವಲ್ಪ ಕಮ್ಮಿ ಕಾಣುತ್ತೆ ಅಷ್ಟೇ. ಸೀರೆ ಬಣ್ಣ ತಪ್ಪಾದ್ರೆ ಹುಡುಗಿ ಅಮ್ಮ ಫೋನ್ ಮಾಡ್ತಾರೆ, ಅದಕ್ಕೆ ಹಳೇ 24 ಇಂಚನ್ನ ಪಕ್ಕದಲ್ಲೇ ಇಟ್ಕೊಂಡಿದೀನಿ.

ಗೇಮ್ ವಿಷಯಕ್ಕೆ ಬಂದ್ರೆ, ಯೂರೋ ಟ್ರಕ್ಕಲ್ಲಿ ಕೂತ ಮೊದಲನೇ ರಾತ್ರಿ ಎರಡು ಗಂಟೆವರೆಗೆ ಎದ್ದಿಲ್ಲ. ಎರಡೂ ಕಡೆ ಮಿರರ್ ಕಾಣ್ತಿದೆ, ಡ್ಯಾಶ್‌ಬೋರ್ಡ್ ಪೂರ್ತಿ ಇದೆ, ರೌಂಡಾಬೌಟಲ್ಲಿ ಎಡಗಡೆಯಿಂದ ಬರೋ ಕಾರು ಬಟನ್ ಒತ್ತದೆ ಕಾಣ್ಸುತ್ತೆ. ಫೋರ್ಜಾ ಹೊರೈಜನ್ 5ರಲ್ಲಿ ರಸ್ತೆ ಪಕ್ಕದ ಬೇಲಿ ಕಣ್ಣಂಚಲ್ಲಿ ಓಡೋದ್ರಿಂದ ಅದೇ ಸ್ಪೀಡು ಜಾಸ್ತಿ ಅನ್ಸುತ್ತೆ. ಆದ್ರೆ ಗ್ರಾಫಿಕ್ಸ್ ಕಾರ್ಡಿನ ಬೆವರು ಇಳಿಯುತ್ತೆ, ಸುಮ್ನೆ ಅಲ್ಲ, 1080ಪಿಗೆ ಹೋಲಿಸಿದ್ರೆ ಇದ್ರಲ್ಲಿ ಎರಡೂಕಾಲು ಪಟ್ಟಿಗಿಂತ ಜಾಸ್ತಿ ಪಿಕ್ಸೆಲ್, 49 ಲಕ್ಷದ ಮೇಲೆ. ಮಾಮೂಲಿ 1440ಪಿ ಮಾನಿಟರಿಗೆ ಹೋಲಿಸಿದ್ರೂ ಮೂರನೇ ಒಂದು ಭಾಗ ಜಾಸ್ತಿ. 3060ರಲ್ಲಿ ಹೊಸ ಗೇಮಿಗೆ ಡಿಎಲ್ಎಸ್ಎಸ್ (ಚಿಕ್ಕ ಚಿತ್ರ ಮಾಡಿ ದೊಡ್ಡದು ಮಾಡಿ ಕಾರ್ಡಿನ ಭಾರ ಇಳಿಸೋ ಉಪಾಯ) ಹಾಕ್ದೆ ಗತಿ ಇಲ್ಲ, 180 ಹರ್ಟ್ಜ್ ಅನ್ನೋದು ನನಗೆ ಮದುವೆ ಕಾರ್ಡಲ್ಲಿ ಹಾಕೋ ಡಿಗ್ರಿ ಇದ್ದ ಹಾಗೆ, ಇದೆ ಅಂತ ಹೇಳ್ಕೋಬಹುದು. ಅದ್ರ ಬದಲು 144 ಇರೋದು ಸಿಕ್ಕಿ ಎರಡು ಸಾವಿರ ಉಳಿದ್ರೆ ಅದನ್ನೇ ತಗೊಳ್ಳಿ.

ಈಗ ಆ ಕಾಡಿಗೆ ವಿಷಯ. ಎಲ್ಡನ್ ರಿಂಗಲ್ಲಿ ಒಂದು ಗುಹೆ ಒಳಗೆ ಹೋಗಿ ಕ್ಯಾಮೆರಾ ತಿರುಗಿಸ್ದೆ, ಕಲ್ಲಿನ ಅಂಚೆಲ್ಲ ಒದ್ದೆ ಬಟ್ಟೇಲಿ ಒರೆಸಿದ ಹಾಗೆ ಕಪ್ಪಾಗಿ ಎಳೀತು. ಓದಿದ್ದಕ್ಕಿಂತ ಜಾಸ್ತಿನೇ. ಮೆನುವಲ್ಲಿ ಓವರ್‌ಡ್ರೈವ್ ಅಂತ ಇದೆ, ಪಿಕ್ಸೆಲ್ ಬೇಗ ಬದಲಾಗೋ ಹಾಗೆ ಮಾಡೋ ಸೆಟ್ಟಿಂಗು, ಮೇಲಿನ ಲೆವೆಲ್ಲಿಗೆ ಹಾಕಿದ್ರೆ ಕಪ್ಪು ಬಾಲದ ಬದಲು ಬಿಳಿ ಬಾಲ ಬರುತ್ತೆ, ಅದು ಇನ್ನೂ ಅಸಹ್ಯ, ಮಧ್ಯದ ಲೆವೆಲ್ಲಲ್ಲಿ ಇಟ್ಟು ಸುಮ್ನಾದೆ. ಡಬ್ಬದ ಮೇಲೆ ದೊಡ್ಡದಾಗಿ 1 ಮಿಲಿಸೆಕೆಂಡ್ ಅಂತ ಹಾಕಿರ್ತಾರೆ, ಪಕ್ಕದಲ್ಲಿ ಇರುವೆ ಸೈಜಲ್ಲಿ ಎಂಪಿಆರ್‌ಟಿ ಅಂತ ಇರುತ್ತೆ, ಅದು ಬ್ಯಾಕ್‌ಲೈಟ್ ಮಿಣುಕಿಸಿ ತರೋ ನಂಬರು, ಪಿಕ್ಸೆಲ್ ಬಣ್ಣ ಬದಲಾಯಿಸೋ ಸ್ಪೀಡಲ್ಲ. ಎಚ್‌ಡಿಆರ್ (ಬೆಳಕು ಕತ್ತಲಿನ ವ್ಯತ್ಯಾಸ ಜಾಸ್ತಿ ತೋರ್ಸೋದು) ಸ್ಟಿಕ್ಕರ್ ಕೂಡ ಹಾಗೇ, ಲೋಕಲ್ ಡಿಮ್ಮಿಂಗ್ (ಬ್ಯಾಕ್‌ಲೈಟ್ ಅಲ್ಲಲ್ಲಿ ಮಾತ್ರ ಮಂಕು ಮಾಡೋದು) ಇಲ್ದೇ ಇರೋ ಮಾನಿಟರಲ್ಲಿ ಎಚ್‌ಡಿಆರ್ ಆನ್ ಮಾಡಿದ್ರೆ ಚಿತ್ರ ಇನ್ನೂ ಪೇಲವ, ಒಂದ್ಸಲ ಆನ್ ಮಾಡಿ ಆಫ್ ಮಾಡಿದೀನಿ. ಇನ್ನೊಂದು ಕಿರಿಕಿರಿ, ಅಡಾಪ್ಟಿವ್ ಸಿಂಕ್ (ಗೇಮಿನ ಫ್ರೇಮ್ ರೇಟಿಗೆ ತಕ್ಕ ಹಾಗೆ ಮಾನಿಟರ್ ಹರ್ಟ್ಜ್ ಬದಲಾಗೋದು) ಹಾಕಿದಾಗ ಲೋಡಿಂಗ್ ಸ್ಕ್ರೀನಲ್ಲಿ ಫ್ರೇಮ್ ರೇಟ್ ಏರಿಳಿದ್ರೆ ವೋಲ್ಟೇಜ್ ಕಮ್ಮಿ ಇರೋ ಟ್ಯೂಬ್‌ಲೈಟ್ ಥರ ಮಿಣಮಿಣ ಅನ್ನುತ್ತೆ. ಮೊದಲ ಸಲ ನಿಜವಾಗ್ಲೂ ಕರೆಂಟ್ ಪ್ರಾಬ್ಲಂ ಅಂದ್ಕೊಂಡು ಯುಪಿಎಸ್ ಚೆಕ್ ಮಾಡಿದೀನಿ. ಫ್ರೇಮ್ ರೇಟಿಗೆ ಕ್ಯಾಪ್ ಹಾಕಿದ್ರೆ ಕಮ್ಮಿ ಆಗುತ್ತೆ.

ಎಲ್ಲ ಗೇಮೂ ಅಗಲ ತುಂಬಲ್ಲ ಅನ್ನೋದೂ ಗೊತ್ತಿರ್ಲಿ. ಎಲ್ಡನ್ ರಿಂಗ್ ಎರಡೂ ಪಕ್ಕ ಕಪ್ಪು ಪಟ್ಟಿ ಬಿಡುತ್ತೆ, 60 ಫ್ರೇಮಿಗೇ ನಿಲ್ಲುತ್ತೆ, ವ್ಯಾಲೊರಂಟೂ ಅಗಲದ ನೋಟ ಕೊಡಲ್ಲ. ಪಕ್ಕದ ಮನೆ ಹುಡುಗ ಪಿಎಸ್5 ಎತ್ಕೊಂಡು ಬಂದಿದ್ದ, "ಅಣ್ಣಾ ಇದಕ್ಕೆ ಹಾಕಿ ನೋಡಣ" ಅಂತ, ಪಿಎಸ್5 ಅಲ್ಟ್ರಾವೈಡ್ ಕೊಡೋದೇ ಇಲ್ಲ, ಮಧ್ಯದಲ್ಲಿ 27 ಇಂಚಿನ ಚಿತ್ರ, ಆ ಕಡೆ ಈ ಕಡೆ ಕತ್ತಲು. ಅವನ ಮುಖ ನೋಡೋಕಾಗ್ಲಿಲ್ಲ. ಬರೀ ಕನ್ಸೋಲ್ ಇರೋರು, ಬರೀ ಕಾಂಪಿಟಿಟಿವ್ ಶೂಟರ್ ಆಡೋರು ಈ ಕಡೆ ತಲೆ ಹಾಕ್ಬೇಡಿ, ಒಳ್ಳೆ 27 ಇಂಚಿನ ಐಪಿಎಸ್ ತಗೊಳ್ಳಿ, ದುಡ್ಡೂ ಉಳಿಯುತ್ತೆ.

ಇನ್ನು ಬ್ರ್ಯಾಂಡ್ ಹೆಸರು ಯಾಕೆ ಹಾಕಿಲ್ಲ ಅಂತ. ಅಕ್ಟೋಬರ್ 6ಕ್ಕೆ, ಒಂದು ದೀಪದ ಶಾಟ್ ಫುಲ್ ಸ್ಕ್ರೀನ್ ಹಾಕಿದ್ದೆ, ಸುತ್ತ ಕತ್ತಲು, ಬಲಗಡೆ ಕೆಳಗೆ ಒಂದು ಹಸಿರು ಚುಕ್ಕೆ. ಒರೆಸಿದೆ ಹೋಗ್ಲಿಲ್ಲ. ಸ್ಟಕ್ ಪಿಕ್ಸೆಲ್, ಅಂದ್ರೆ ಒಂದೇ ಬಣ್ಣದಲ್ಲಿ ಸಿಕ್ಕಿಹಾಕ್ಕೊಂಡ ಚುಕ್ಕೆ. ಕಂಪನಿಗೆ ಫೋನ್ ಮಾಡಿದ್ರೆ ಒಂದು ಪಿಕ್ಸೆಲ್ಲಿಗೆಲ್ಲ ವಾರಂಟಿ ಬರಲ್ಲ ಅಂದ್ರು. ತಗೊಂಡ ಸೈಟಲ್ಲಿ ಏಳು ದಿನದ ರಿಪ್ಲೇಸ್‌ಮೆಂಟ್ ಇತ್ತು, ಅವರು ಒಪ್ಪಿದ್ರು, ಆದ್ರೆ ಒರಿಜಿನಲ್ ಬಾಕ್ಸು, ಥರ್ಮೋಕೋಲ್ ಎಲ್ಲ ಇರ್ಬೇಕು. ಎಲ್ಲಿದೆ ಅಂತ ಹುಡುಕಿದ್ರೆ ಅಟ್ಟದ ಮೇಲಿದೆ. ವಿಜಯದಶಮಿ ಆದ್ಮೇಲೆ ಅಮ್ಮ ಗೊಂಬೆ ಎಲ್ಲ ಮಲಗಿಸಿ, ಹಳೇ ಕಾಟನ್ ಸೀರೇಲಿ ಸುತ್ತಿ, ಅದೇ ಬಾಕ್ಸಿಗೆ ತುಂಬಿದ್ಲು. ಸ್ಕ್ರೀನ್ ಕೂತಿದ್ದ ಜಾಗದಲ್ಲಿ ದಶಾವತಾರ ಸಾಲಾಗಿ ಮಲಗಿದೆ, ಸ್ಟ್ಯಾಂಡಿನ ಕಾಲಿಗೆ ಅಂತ ಕೊರೆದಿದ್ದ ಗುಣಿಯಲ್ಲಿ ಶೆಟ್ರು, ಶೆಟ್ಟಮ್ಮ, ಅವರ ಅಕ್ಕಿ ಬೇಳೆ ಅಂಗಡಿ ಸಮೇತ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿದಾವೆ.

"ಅಮ್ಮ, ಬಾಕ್ಸ್ ಬೇಕು, ನಾಳೆ ಕೊನೇ ದಿನ" ಅಂದೆ.

"ಎಲ್ಲಿ ತೋರ್ಸು ಆ ಚುಕ್ಕೆ" ಅಂತ ಕನ್ನಡಕ ಹಾಕ್ಕೊಂಡು ಬಂದ್ಲು, ಐದು ನಿಮಿಷ ಹುಡುಕಿದ್ಲು, ನಾನು ಬೆರಳಿಟ್ಟು ತೋರಿಸಿದ್ರೂ ಕಾಣ್ಲಿಲ್ಲ. "ಇಷ್ಟಕ್ಕೆ ದಶಾವತಾರ ಎಬ್ಬಿಸ್ಬೇಕೇನೋ?"

ಚುಕ್ಕೆ ಇರೋದು ಗಡಿಯಾರದ ಪಕ್ಕ, ಸ್ಟಕ್ ಆಗಿರೋದು ಹಸಿರು ಮಾತ್ರ, ಬಿಳಿ ಬಣ್ಣದ ಮೇಲೆ ಗೊತ್ತಾಗಲ್ಲ. ವಿಂಡೋಸಲ್ಲಿ ಲೈಟ್ ಥೀಮ್ ಹಾಕ್ಕೊಂಡಿದೀನಿ, ಟಾಸ್ಕ್‌ಬಾರ್ ಈಗ ಬೆಳ್ಳಗಿದೆ.